ಬಾವಿ ರಸ್ತೆ ಶಾಖೆಯ ಖಾಲಿ ಕುರ್ಚಿಗಳು

ಸರ್ಕಾರಿ ಗ್ರಂಥಾಲಯಕ್ಕೆ ಈಗ ಯಾರೂ ಹೋಗುವುದಿಲ್ಲ ಎಂದು ನಂಬಿರುವವರು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ತ್ಯಾಗರಾಜನಗರದ ಬಾವಿ ರಸ್ತೆ ಶಾಖೆಯ ಮುಂದೆ ಒಮ್ಮೆ ನಿಂತು ನೋಡಬೇಕು. ಶ್ರೀಧರ ಬೀಗ ತೆಗೆದು ಬಾಗಿಲು ತಳ್ಳುವಷ್ಟರಲ್ಲಿ ಅವನ ತೋಳಿನ ಕೆಳಗಿನಿಂದಲೇ ಇಬ್ಬರು ಮೂವರು ಒಳಗೆ ನುಗ್ಗಿರುತ್ತಾರೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಹಾಗೆ ಕುರ್ಚಿಗಳ ಮೇಲೆ ಕರವಸ್ತ್ರ, ನೀರಿನ ಬಾಟಲಿ, ಛತ್ರಿ, ಹೆಲ್ಮೆಟ್ಟು ಬೀಳುತ್ತವೆ. ಯಾರ ವಸ್ತು ಇದೆಯೋ ಆ ಕುರ್ಚಿ ಅವತ್ತಿಗೆ ಅವರದು. ಅವರು ಟೀಗೆ ಹೋಗಲಿ, ಊಟಕ್ಕೆ ಹೋಗಲಿ, ಇನ್ನೊಬ್ಬರು ಅದನ್ನು ಮುಟ್ಟುವ ಹಾಗಿಲ್ಲ. ಈ ಕಾಯಿದೆಯನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟ ಬೇರೆ ಯಾವ ಕಾಯಿದೆಯೂ ಆ ಹಾಲಿನಲ್ಲಿ ಇಷ್ಟು ಚೆನ್ನಾಗಿ ಪಾಲನೆಯಾಗುತ್ತಿರಲಿಲ್ಲ.

ಬರುವವರಲ್ಲಿ ಹೆಚ್ಚಿನವರು ನೌಕರಿಯ ಪರೀಕ್ಷೆಗಳಿಗೆ ಓದುವವರು. ಚಾಮರಾಜಪೇಟೆಯಿಂದ, ಶ್ರೀನಗರದಿಂದ, ಹನುಮಂತನಗರದಿಂದ ನಡೆದೇ ಬರುತ್ತಿದ್ದರು. ಒಂದೇ ಕೋಣೆಯ ಮನೆ, ಅದರಲ್ಲಿ ಐದಾರು ಜನ, ಪಕ್ಕದ ಮನೆಯ ಟಿವಿ. ಅಂಥ ಕಡೆಯಿಂದ ಬಂದವರಿಗೆ ಬೇಕಾಗಿದ್ದದ್ದು ಒಂದು ಕುರ್ಚಿ, ಒಂದು ಫ್ಯಾನು, ಸದ್ದಿಲ್ಲದ ಹಗಲು. ಪುಸ್ತಕ ಅವರೇ ತರುತ್ತಿದ್ದರು. ಶಾಖೆಯ ರ‍್ಯಾಕುಗಳಲ್ಲಿದ್ದ ಪುಸ್ತಕಗಳನ್ನು ಅವರು ಮುಟ್ಟುತ್ತಿದ್ದದ್ದು ಕಡಿಮೆ, ಮನೆಗೆ ಎರವಲು ಒಯ್ಯುತ್ತಿದ್ದದ್ದು ಇನ್ನೂ ಕಡಿಮೆ.

ಶಾಖೆಯ ಉಸ್ತುವಾರಿ ಶ್ರೀಧರನದು. ಇಪ್ಪತ್ತು ವರ್ಷದ ಹಿಂದೆ ಅವನೂ ಇದೇ ಹಾಲಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಓದಿ ನೌಕರಿ ಹಿಡಿದವನು. ಅವನ ಅಪ್ಪ ನರಸಿಂಹಯ್ಯ ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯೊಂದರಲ್ಲಿ ಕಟಿಂಗ್ ಮೆಷೀನ್ ನೋಡಿಕೊಳ್ಳುತ್ತಿದ್ದರು. ಮನೆಯ ತುಂಬ ಕಾಗದದ ಕಟ್ಟುಗಳು. ಕಾಲು ಚಾಚಲು ಜಾಗವಿರುತ್ತಿರಲಿಲ್ಲ, ಇನ್ನು ಓದುವುದೆಲ್ಲಿ. ಹಾಗಾಗಿ ಈ ಹಾಲು ಇಲ್ಲದಿದ್ದರೆ ತನ್ನ ಬದುಕು ಯಾವ ಕಡೆ ಹೋಗುತ್ತಿತ್ತೆಂದು ಶ್ರೀಧರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಹಾಲಿಗೇ ಈಗ ಕುತ್ತು ಬಂದಿತ್ತು.

ಸುದ್ದಿ ಮೊದಲು ತಿಳಿಸಿದವರು ಚಕ್ರಪಾಣಿಯವರು. ಎ.ಜಿ. ಆಫೀಸಿನಿಂದ ನಿವೃತ್ತರಾದ ಮೇಲೆ ದಿನವೂ ಬಂದು ಪೇಪರುಗಳನ್ನು ಮೊದಲ ಪುಟದಿಂದ ಟೆಂಡರ್ ಜಾಹೀರಾತಿನವರೆಗೆ ಓದಿ ಮುಗಿಸುವುದು ಅವರ ಕೆಲಸ.

"ಶ್ರೀಧರ್, ಬನ್ರೀ ಇಲ್ಲಿ. ನಿಮ್ಮ ಜಾತಕ ಅಚ್ಚಾಗಿದೆ."

"ಒಳ್ಳೇದಾ, ಕೆಟ್ಟದ್ದಾ ಸ್ವಾಮಿ?"

"ಎರಡೂ ಒಂದೇ ಕಾಲಂನಲ್ಲಿದೆ. ಓದುಗರು ಇರೋ ಶಾಖೆಗಳಿಗೆ ಹೊಸ ಅನುದಾನ. ಇಲ್ಲದ ಶಾಖೆ ಹತ್ತಿರದ ಶಾಖೆ ಜೊತೆ ವಿಲೀನ. ಒಬ್ಬೊಬ್ಬ ಅಧಿಕಾರಿ ಬಂದು ನೋಡ್ತಾರಂತೆ."

"ನಮ್ಮಲ್ಲಿ ಓದುಗರಿಗೇನು ಕಮ್ಮಿ?"

"ಅದನ್ನ ನೀವು ಹೇಳಿದ್ರೆ ಆಗಲ್ಲ, ಅಂಕಿ ಅಂಶ ಹೇಳ್ಬೇಕು," ಎಂದು ಚಕ್ರಪಾಣಿ ಪುಟ ತಿರುಗಿಸಿದರು. ಅವರಿಗೆ ಅದು ಅವತ್ತಿನ ಹತ್ತು ಸುದ್ದಿಗಳಲ್ಲಿ ಒಂದು.

ಶ್ರೀಧರನಿಗೆ ಹಾಗಿರಲಿಲ್ಲ. ವಿಲೀನವಾದರೆ ಬಾವಿ ರಸ್ತೆ ಶಾಖೆ ಸೇರಬೇಕಾದ ಇನ್ನೊಂದು ಶಾಖೆಯಲ್ಲಿ ಕೂತು ಓದಲು ಹಾಲೇ ಇರಲಿಲ್ಲ. ಒಂದು ಕೌಂಟರು, ಅದರ ಹಿಂದೆ ಪುಸ್ತಕ, ಅಷ್ಟೇ. ಪುಸ್ತಕಗಳಿಗೆ ಅಲ್ಲಿ ಜಾಗ ಸಿಗುತ್ತಿತ್ತು. ಈ ಹುಡುಗ ಹುಡುಗಿಯರಿಗೆ ಸಿಗುತ್ತಿರಲಿಲ್ಲ.

ಎರವಲಿನ ಅಂಕಿ ಕಳಿಸಿ ಎಂದು ಮೇಲಿನ ಕಚೇರಿಯಿಂದ ಮೇಲ್ ಬಂತು. ಶ್ರೀಧರ ಕಳಿಸಿದ. ಅದೇ ಸಂಜೆ ಊರಿನ ಇನ್ನೊಂದು ತುದಿಯ ಶಾಖೆಯಲ್ಲಿದ್ದ ಅವನ ಬ್ಯಾಚಿನ ಗೌರೀಶ್ ಫೋನ್ ಮಾಡಿದ.

"ಎರವಲು ಎಷ್ಟು ತೋರಿಸ್ದೆ ಗುರು?"

"ಇದ್ದಷ್ಟು."

"ಇದ್ದಷ್ಟಾ! ಕೆಟ್ಟೆ ಬಿಡು. ಹೆಂಡ್ತಿ ಹೆಸರಲ್ಲೊಂದು, ಅತ್ತೆ ಹೆಸರಲ್ಲೊಂದು ಕಾರ್ಡ್ ಮಾಡಿಸಿ ದಿನಾ ಪುಸ್ತಕ ಎತ್ತಿಸಬಾರ್ದಿತ್ತಾ?"

"ನಮ್ಮತ್ತೆಗೆ ಓದೋಕೆ ಬರಲ್ಲ ಕಣೋ."

"ಪುಸ್ತಕ ತಗೊಂಡು ಹೋಗೋಕೆ ಓದೋಕೆ ಯಾಕೆ ಬರ್ಬೇಕು?"

ಶ್ರೀಧರ ನಕ್ಕ. ಆದರೆ ಫೋನ್ ಇಟ್ಟ ಮೇಲೆ ನಗು ಉಳಿಯಲಿಲ್ಲ. ಕಳಿಸಿದ ಅಂಕಿ ತೀರಾ ಸಣ್ಣದೆಂದು ಅವನಿಗೆ ಗೊತ್ತಿತ್ತು. ಇನ್ನು ಉಳಿದದ್ದು ಅಧಿಕಾರಿಯ ಭೇಟಿ ಒಂದೇ. ಹಾಲು ತುಂಬಿರುವುದನ್ನು ಅವರು ಕಣ್ಣಾರೆ ನೋಡಿದರೆ ಶಾಖೆ ಉಳಿದೀತು.

ಅಷ್ಟರಲ್ಲಿ ಅವನ ಕಣ್ಣು ಗೋಡೆಯ ಮೇಲಿನ ಬೋರ್ಡಿನ ಮೇಲೆ ಬಿತ್ತು. 'ಸ್ವಂತ ಪುಸ್ತಕ, ಚೀಲಗಳನ್ನು ಒಳಗೆ ತರುವಂತಿಲ್ಲ.' ಅವನು ಕೆಲಸಕ್ಕೆ ಬರುವ ಮುಂಚಿನಿಂದಲೂ ಇದ್ದ ಬೋರ್ಡು. ಓದುವ ಕಾಲದಲ್ಲಿ ಅವನೇ ಅದರ ಕೆಳಗೆ ಕೂತು ಸ್ವಂತ ಪುಸ್ತಕ ಓದಿದ್ದ. ಈಗ ಮಾತ್ರ ಅದು ದಪ್ಪ ಅಕ್ಷರಗಳಲ್ಲಿ ಕಾಣಿಸತೊಡಗಿತು. ಹಾಲಿನ ತುಂಬ ಜನ, ಎಲ್ಲರ ಮುಂದೂ ಹೊರಗಿನ ಪುಸ್ತಕ. 'ಇದು ಗ್ರಂಥಾಲಯವೋ, ಬಿಟ್ಟಿ ಟ್ಯೂಷನ್ ಸೆಂಟರೋ?' ಎಂದು ಅಧಿಕಾರಿ ಕೇಳಿದರೆ ಏನು ಹೇಳುವುದು? ಎರಡು ದಿನ ಅವನು ಇದನ್ನೇ ಯೋಚಿಸಿದ. ಯೋಚಿಸಿದಷ್ಟೂ ಆ ಪ್ರಶ್ನೆ ಬರುವುದು ಖಂಡಿತ ಎನ್ನಿಸಿತು.

ಭೇಟಿಗೆ ಮುಂಚಿನ ದಿನ ಎಲ್ಲರನ್ನೂ ಅಂಗಳಕ್ಕೆ ಕರೆದ.

"ನೋಡಿ, ನಾಳೆ ಹತ್ತಕ್ಕೆ ಶಾಖೆ ನೋಡೋಕೆ ಆಫೀಸಿಂದ ಮೇಡಂ ಬರ್ತಾರೆ. ನಿಮ್ಮ ಗೈಡು, ನೋಟ್ಸು ಮೇಜಿನ ಮೇಲೆ ಕಾಣಬಾರ್ದು. ಬ್ಯಾಗೆಲ್ಲ ನನ್ನ ರೂಮಲ್ಲಿಡಿ. ಒಬ್ಬೊಬ್ರಿಗೂ ರ‍್ಯಾಕಿಂದ ಒಂದೊಂದು ಪುಸ್ತಕ ಕೊಡ್ತೀನಿ, ಅದನ್ನ ಓದ್ತಾ ಕೂತ್ಕೊಳ್ಳಿ."

"ಭಾನುವಾರ ಎಕ್ಸಾಮ್ ಇದೆ ಸಾರ್," ಎಂದಳು ಧನುಶ್ರೀ. ಚಾಮರಾಜಪೇಟೆಯ ಹುಡುಗಿ, ಬಿ.ಕಾಂ. ಮುಗಿಸಿ ಎಫ್‌ಡಿಎ ಹುದ್ದೆಗೆ ಓದುತ್ತಿದ್ದಳು. ಹಾಲಿನವರ ಪರವಾಗಿ ಮಾತಾಡುವ ಜವಾಬ್ದಾರಿ ಯಾರೂ ಕೊಡದೆ ಅವಳಿಗೆ ಬಂದಿತ್ತು.

"ಒಂದು ಗಂಟೆ ಕಣಮ್ಮ. ಅವರು ಬಂದು ಹೋಗೋವರೆಗೆ."

"ನನಗೆ ಸ್ವಲ್ಪ ತೆಳ್ಳಗಿರೋ ಪುಸ್ತಕ ಕೊಡಿ ಸಾರ್," ಎಂದ ನಂದೀಶ. ಹಗಲು ಓದಿ, ಸಂಜೆ ಬೈಕ್ ಟ್ಯಾಕ್ಸಿ ಓಡಿಸುವವನು. "ನಿದ್ದೆ ಬಂದ್ರೆ ಮುಖಕ್ಕೆ ಪೆಟ್ಟಾಗಬಾರ್ದಲ್ಲ."

ಎಲ್ಲರೂ ನಕ್ಕು ಒಪ್ಪಿಕೊಂಡರು. ಅವನು ಕೇಳಿದ್ದು ಹೆಚ್ಚೇನಲ್ಲ; ಅವನನ್ನು ಕಂಡರೆ ಅವರಿಗೆ ಇಷ್ಟವೂ ಇತ್ತು. ಎರವಲಿನ ಅಂಕಿಯಲ್ಲಿ ಒಂದು ಸೊನ್ನೆಯನ್ನೂ ಸೇರಿಸದವನು ತಾನೀಗ ಹಾಲಿಗೇ ವೇಷ ಹಾಕಿಸುತ್ತಿದ್ದೇನೆ ಎಂಬುದು ಶ್ರೀಧರನಿಗೆ ಹೊಳೆಯಲಿಲ್ಲ. ನಿಯಮದ ಪ್ರಕಾರವೇ ಹೋಗುತ್ತಿದ್ದೇನೆ ಎಂದುಕೊಂಡಿದ್ದ.

ಬುಧವಾರ ಬೆಳಿಗ್ಗೆ ಎಲ್ಲ ಅವನು ಹೇಳಿದ ಹಾಗೇ ನಡೆಯಿತು. ಕುರ್ಚಿಗಳು ತುಂಬಿದವು, ಬ್ಯಾಗುಗಳು ರೂಮು ಸೇರಿದವು, ಎಲ್ಲರ ಮುಂದೂ ಶಾಖೆಯ ಮುದ್ರೆಯಿದ್ದ ಪುಸ್ತಕ ತೆರೆದುಕೊಂಡಿತು. ನಂದೀಶನಿಗೆ ಮಲ್ಲಿಗೆ ಬೇಸಾಯದ ಬಗೆಗಿನ ಪುಸ್ತಕ ಸಿಕ್ಕಿತ್ತು. ಶ್ರೀಧರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತ. ಹತ್ತಾಯಿತು. ಹನ್ನೊಂದಾಯಿತು. ಮೇಡಂ ಬರಲಿಲ್ಲ.

ಹಾಲಿನಲ್ಲಿ ಕುರ್ಚಿಗಳು ಕಿರುಗುಟ್ಟತೊಡಗಿದವು. ಪರೀಕ್ಷೆಗೆ ನಾಲ್ಕು ದಿನ ಇಟ್ಟುಕೊಂಡು ಕೋಳಿ ಸಾಕಣೆ, ಮನೆ ಮದ್ದು ಓದುತ್ತ ಕೂತವರ ಚಡಪಡಿಕೆ ಅದು. ಹನ್ನೊಂದೂವರೆ ಹೊತ್ತಿಗೆ ಶ್ರೀಧರನ ಫೋನ್ ಬಡಿದುಕೊಂಡಿತು. ಮೇಡಂ ಕಾರಿನ ಡ್ರೈವರ್. ಮ್ಯಾಪ್ ನಂಬಿ ಯಾವುದೋ ಒನ್ ವೇಗೆ ಸಿಕ್ಕಿಕೊಂಡು ವಿ.ವಿ. ಪುರಂ ಸುತ್ತುತ್ತಿದ್ದಾನಂತೆ.

"ನೀವು ಮೇನ್ ರೋಡ್ ಸಿಗ್ನಲ್ ಹತ್ರ ಬನ್ನಿ, ನಾನೂ ಅಲ್ಲಿಗೇ ಬರ್ತೀನಿ," ಎಂದು ಶ್ರೀಧರ ಹೊರಟ. ಹೋಗುವಾಗ ಹಾಲಿನ ಕಡೆ ತಿರುಗಿ, ಇನ್ನು ಸ್ವಲ್ಪ ಹೊತ್ತು ಎಂದು ಕೈಸನ್ನೆ ಮಾಡಿದ.

ಸಿಗ್ನಲ್ಲಿನ ಹತ್ತಿರ ಅವನು ಬಿಸಿಲಲ್ಲಿ ನಿಂತೇ ನಿಂತ. ಕೊನೆಗೂ ಕಾರು ಬಂತು. ಹಿಂದಿನ ಸೀಟಿನಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸು; ಹೆಸರು ಆರಾಧನಾ, ಪರಿಶೀಲನೆಗೆ ನೇಮಕವಾದ ಅಧಿಕಾರಿ.

"ಸಾರಿ ಶ್ರೀಧರ್ ಅವರೇ, ತುಂಬಾ ಕಾಯಿಸಿಬಿಟ್ವಿ. ಇವತ್ತು ಇನ್ನೂ ಎರಡು ಶಾಖೆ ಇದೆ. ಬೇಗ ನೋಡಿಬಿಡೋಣ."

"ಪರವಾಗಿಲ್ಲ ಮೇಡಂ. ಓದುಗರೆಲ್ಲ ಒಳಗೇ ಇದಾರೆ," ಎಂದ ಶ್ರೀಧರ, ಮುಂದಿನ ಸೀಟಿನಿಂದ ಕತ್ತು ತಿರುಗಿಸಿ.

ಬಾಗಿಲು ದಾಟಿದವನು ಅಲ್ಲೇ ನಿಂತುಬಿಟ್ಟ.

ಹಾಲು ಖಾಲಿ. ಫ್ಯಾನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಮೇಜುಗಳ ಮೇಲೆ ಅವನು ಹಂಚಿದ್ದ ಪುಸ್ತಕಗಳು ಮುಚ್ಚಿಕೊಂಡು ಬಿದ್ದಿದ್ದವು. ಪೇಪರ್ ಮೇಜಿನಲ್ಲಿ ಚಕ್ರಪಾಣಿಯವರು ಮತ್ತು ಕಿವಿ ಕೇಳಿಸದ ಇನ್ನೊಬ್ಬ ಹಿರಿಯರು. ಏನಾಗಿರಬಹುದೆಂದು ಊಹಿಸಲು ಶ್ರೀಧರನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ರೂಮಿನಲ್ಲಿಟ್ಟಿದ್ದ ಬ್ಯಾಗುಗಳೂ ಇರಲಿಲ್ಲ.

ಆರಾಧನಾ ಹಾಲನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು. "ಇಷ್ಟೇ ಜನಾನಾ?"

"ಇಲ್ಲ ಮೇಡಂ, ಅದೂ..."

"ಇರ್ಲಿ, ಕೂತು ಬರ್ಕೋತೀನಿ," ಎಂದು ಅವರು ಹತ್ತಿರದ ಕುರ್ಚಿ ಎಳೆದು, ಅದರ ಮೇಲಿದ್ದ ನೀಲಿ ಕರವಸ್ತ್ರವನ್ನು ಎತ್ತಲು ಕೈ ಚಾಚಿದರು.

"ಅಲ್ಲಿ ಬೇಡಮ್ಮ," ಎಂದರು ಚಕ್ರಪಾಣಿ, ಪೇಪರಿನಿಂದ ತಲೆ ಎತ್ತದೆ. "ಅಲ್ಲಿ ಜನ ಇದಾರೆ."

ಆರಾಧನಾ ಕೈ ಹಿಂದಕ್ಕೆ ತೆಗೆದುಕೊಂಡು ಪಕ್ಕದ ಕುರ್ಚಿಗೆ ಹೋದರು. ಅದರ ಮೇಲೆ ಸ್ಟೀಲಿನ ನೀರಿನ ಬಾಟಲಿ.

"ಅಲ್ಲೂ ಇದಾರೆ."

ಮೂರನೆಯದರ ಮೇಲೆ ಹೆಲ್ಮೆಟ್ಟು. ಅವರು ಅದನ್ನು ಮುಟ್ಟಲಿಲ್ಲ, ಬೆರಳು ತೋರಿಸಿ ಚಕ್ರಪಾಣಿಯವರ ಮುಖ ನೋಡಿದರು.

"ಅದು ನಂದೀಶಂದು. ಛತ್ರಿ ಇರೋದು ಧನುಶ್ರೀದು. ಆ ಕೊನೇಲಿ ಒಂದೇ ಚಪ್ಪಲಿ ಇಟ್ಟಿದಾನಲ್ಲ, ಅವನ ಹೆಸರು ಗೊತ್ತಿಲ್ಲ. ಹೊಸಬ. ಆದ್ರೂ ಜಾಗ ಅವನ್ದೇ."

"ಹಾಗಾದ್ರೆ ಖಾಲಿ ಇರೋದು ಯಾವ್ದು ಸಾರ್?"

"ಈ ಹಾಲಲ್ಲಿ ಹನ್ನೊಂದರ ಮೇಲೆ ಖಾಲಿ ಕುರ್ಚಿ ಕೇಳ್ತೀರಲ್ಲ! ನಾನೇ ಎಂಟೂವರೆಗೆ ಬಂದು ಹಿಡ್ಕೊಂಡಿರೋದು." ಈಗ ಅವರು ಕನ್ನಡಕ ತೆಗೆದು ಆರಾಧನಾರನ್ನು ನೋಡಿದರು. "ನೀವು ಆಫೀಸಿಂದ ಬಂದೋರಾ? ಬೇಕಾದ್ರೆ ನಂದೇ ಕೊಡ್ತೀನಿ, ಬನ್ನಿ."

ಆರಾಧನಾ ನಗು ತಡೆದುಕೊಂಡದ್ದು ಶ್ರೀಧರನಿಗೆ ಕಾಣಿಸಲಿಲ್ಲ; ಅವನು ನೆಲ ನೋಡುತ್ತಿದ್ದ.

"ಈ ಜನ ಎಲ್ಲ ಎಲ್ಲಿದಾರೆ ಸಾರ್?"

"ಎದುರು ಪಾರ್ಕಲ್ಲಿ. ಇಲ್ಲಿ ಸ್ವಂತ ಪುಸ್ತಕ ತೆಗೀಬೇಡಿ ಅಂತ ಇವ್ರು ಕಟ್ಟಪ್ಪಣೆ ಮಾಡಿದ್ರು. ಮಕ್ಕಳು ಎರಡೂವರೆ ಗಂಟೆ ತಡ್ಕೊಂಡ್ರು, ಪಾಪ. ಇವ್ರು ಆ ಕಡೆ ಹೋದ ತಕ್ಷಣ ಹತ್ತು ನಿಮಿಷ ಓದ್ಕೊಂಡು ಬರ್ತೀವಿ ತಾತ ಅಂತ ಹೋದ್ರು."

"ಹೌದಾ ಶ್ರೀಧರ್ ಅವರೇ?" ಎಂದರು ಆರಾಧನಾ.

ಅವನು ಗೋಡೆಯ ಬೋರ್ಡು ತೋರಿಸಿದ. "ನಿಯಮ ಹಾಗಿದೆ ಮೇಡಂ. ದಿನಾ ನಾನು ಬಿಡ್ತೀನಿ. ನೀವು ಬರೋ ದಿನ ಒಂದಾದ್ರೂ ನಿಯಮದ ಪ್ರಕಾರ ಇರ್ಲಿ ಅಂತ ನಾನೇ ಹೇಳ್ದೆ. ತಪ್ಪಾಯ್ತು."

"ಈಗ ಕರೀತೀರಾ ಅವರನ್ನ?"

"ಕರೆದ್ರೆ ಅವರ ಪುಸ್ತಕ ತಗೊಂಡೇ ಬರ್ತಾರೆ ಮೇಡಂ."

"ಬರ್ಲಿ. ಖಾಲಿ ಕೈಯಲ್ಲಿ ಬಂದು ಏನ್ಮಾಡ್ತಾರೆ?"

ಶ್ರೀಧರ ರಸ್ತೆ ದಾಟಿ ಪಾರ್ಕಿನ ಗೇಟಿನಲ್ಲಿ ನಿಂತ. ಕಲ್ಲು ಬೆಂಚುಗಳ ಮೇಲೆ, ಮರದ ಬುಡದಲ್ಲಿ, ಜಾರುಬಂಡೆಯ ಮೆಟ್ಟಿಲ ಮೇಲೆ, ಎಲ್ಲ ಕಡೆ ತಗ್ಗಿದ ತಲೆಗಳು. ಅವನನ್ನು ಮೊದಲು ಕಂಡ ನಂದೀಶ ಗಾಬರಿಯಿಂದ ಎದ್ದ.

"ಮಚ್ಚಾ, ಸಾರ್ ಬಂದ್ರು! ಸಾರ್, ಮಲ್ಲಿಗೆ ಪುಸ್ತಕ ಅರ್ಧ ಓದಿದೀನಿ ಸಾರ್, ನಿಜವಾಗ್ಲೂ..."

"ಬನ್ರಪ್ಪ, ಎಲ್ಲರೂ ಬನ್ನಿ. ಪುಸ್ತಕ ತಗೊಂಡೇ ಬನ್ನಿ."

ಅವರು ಬಂದರು. ಬಾಗಿಲಲ್ಲಿ ಅಧಿಕಾರಿಯನ್ನು ಕಂಡು ಮೊದಲಿನವರು ನಿಂತರು, ಹಿಂದಿನವರು ತಳ್ಳಿದರು. ಆಮೇಲೆ ಒಬ್ಬೊಬ್ಬರಾಗಿ ಯಾವ ಗೊಂದಲವೂ ಇಲ್ಲದೆ ತಮ್ಮ ತಮ್ಮ ಕುರ್ಚಿಗೆ ಹೋದರು. ಕರವಸ್ತ್ರ ಜೇಬಿಗೆ, ಹೆಲ್ಮೆಟ್ಟು ಮೇಜಿನ ಕೆಳಗೆ, ಛತ್ರಿ ಕಿಟಕಿಗೆ. ಒಂದು ಕಾಲಿಗಷ್ಟೇ ಚಪ್ಪಲಿಯಿದ್ದ ಹೊಸಬ ಕುಂಟುತ್ತ ಬಂದು ಇನ್ನೊಂದನ್ನೂ ಮೆಟ್ಟಿ ಕೂತ. ಕುರ್ಚಿಗಳೆಲ್ಲ ತುಂಬಿದ ಮೇಲೂ ಜನ ಉಳಿದರು. ಇಬ್ಬರು ಕಿಟಕಿಯ ಕಟ್ಟೆ ಹತ್ತಿದರು, ಕೆಲವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು.

ಆರಾಧನಾ ನಿಂತೇ ನೋಡಿದರು. ಮೊಬೈಲಿನಲ್ಲಿ ನಾಲ್ಕಾರು ಫೋಟೊ ತೆಗೆದುಕೊಂಡರು. ಆಮೇಲೆ ಧನುಶ್ರೀಯ ಮೇಜಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಇಲ್ಲಿ ರ‍್ಯಾಕಲ್ಲೂ ಎಕ್ಸಾಮ್ ಗೈಡ್ ಇದೆಯಲ್ಲಮ್ಮ. ಅದನ್ನ ಯಾಕೆ ಓದಲ್ಲ?"

ಧನುಶ್ರೀ ಶ್ರೀಧರನ ಮುಖ ನೋಡಿದಳು. ಹೇಳು ಎಂಬಂತೆ ಅವನು ತಲೆಯಾಡಿಸಿದ.

"ಅದರಲ್ಲಿ ವಿಜಯನಗರ ಜಿಲ್ಲೆ ಇನ್ನೂ ಹುಟ್ಟೇ ಇಲ್ಲ ಮೇಡಂ. ಅದನ್ನ ನಂಬ್ಕೊಂಡ್ರೆ ಒಂದು ಮಾರ್ಕ್ ಅಲ್ಲೇ ಹೋಯ್ತು."

"ಹೊಸದು ತರಿಸ್ಕೊಟ್ರೆ?"

"ನಮ್ಮದನ್ನ ಮನೇಲಿಟ್ಟು ಬರ್ತೀವಿ. ಹೊರೋದಾದ್ರೂ ತಪ್ಪುತ್ತೆ. ಈ ಹಾಲ್ ಇದ್ರೆ ಸಾಕು ಮೇಡಂ." ಕೊನೆಯ ಮಾತು ಹೇಳುವಾಗ ಅವಳ ದನಿ ಸ್ವಲ್ಪ ಏರಿತು. ಸುತ್ತಲಿನ ತಲೆಗಳು ಎದ್ದವು. ವಿಲೀನದ ಸುದ್ದಿ ಓದದವರು ಅಲ್ಲಿ ಯಾರೂ ಇರಲಿಲ್ಲ.

ಆರಾಧನಾ ಹೊರಗೆ ಬಂದರು. ಶ್ರೀಧರ ಹಿಂದೆಯೇ ಬಂದ. ಕಾರಿನ ಹತ್ತಿರ ನಿಂತು ಅವರು ಇಷ್ಟು ಹೊತ್ತು ತಡೆದುಕೊಂಡಿದ್ದ ನಗುವನ್ನು ಬಿಟ್ಟುಬಿಟ್ಟರು.

"ಈ ವಾರ ಒಂದು ಕಡೆ ಹೋಗಿದ್ದೆ ಶ್ರೀಧರ್ ಅವರೇ. ಯಾವ ಶಾಖೆ ಅಂತ ಕೇಳ್ಬೇಡಿ. ಹಾಲ್ ತುಂಬಾ ಜನ. ಒಬ್ಬಮ್ಮ ಪುಸ್ತಕ ತಲೆಕೆಳಗು ಹಿಡ್ಕೊಂಡಿದ್ರು. ಅಲ್ಲಿನ ಉಸ್ತುವಾರಿಯವರ ಅತ್ತೆಯಂತೆ. ಎಲ್ಲರೂ ಇಲ್ಲದ ಜನಾನ ತಂದು ಕೂರಿಸ್ತಿದ್ರೆ, ನೀವೊಬ್ರು ಇದ್ದ ಜನಾನ ಓಡಿಸಿ ಕೂತಿದೀರಲ್ಲ!"

ಶ್ರೀಧರನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಮೇಡಂ, ಎರವಲು ಕಮ್ಮಿ ಇದೆ ಅಂತ ನನಗೂ ಗೊತ್ತು..."

"ಕಮ್ಮಿ ಇದೆ. ಅದನ್ನ ಹಾಗೇ ಬರೀತೀನಿ. ಇಲ್ಲಿ ಕೂರೋರು ಎಷ್ಟು ಅನ್ನೋದನ್ನೂ ಹಾಗೇ ಬರೀತೀನಿ. ಯಾರ ಪುಸ್ತಕ ಓದ್ತಾರೆ ಅಂತ ನನ್ನನ್ನ ಯಾರೂ ಕೇಳಿಲ್ಲ." ಕಾರಿನ ಬಾಗಿಲು ತೆಗೆದರು. "ತೀರ್ಮಾನ ನನ್ನದಲ್ಲ, ನೆನಪಿರ್ಲಿ. ಆದ್ರೆ ಇದನ್ನ ಇನ್ನೊಂದರ ಜೊತೆ ಸೇರಿಸಿ ಅಂತ ನಾನಂತೂ ಬರೆಯಲ್ಲ. ಇವರನ್ನೆಲ್ಲ ಎಲ್ಲಿಗೆ ಸೇರಿಸ್ತೀರಿ?"

ಕಾರು ತಿರುವು ದಾಟುವವರೆಗೆ ಅವನು ನಿಂತಿದ್ದ. ಆಮೇಲೆ ಮೆಟ್ಟಿಲ ಮೇಲೆ ಕೂತ. ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಪೂರ್ತಿ ಇಳಿದಿರಲಿಲ್ಲ, ಆದರೆ ಪಕ್ಕಕ್ಕೆ ಸರಿದಿತ್ತು. ಚಕ್ರಪಾಣಿಯವರು ಮನೆಗೆ ಹೊರಟವರು ಅವನ ಪಕ್ಕ ನಿಂತರು.

"ಏನ್ರೀ, ಇಲ್ಲಿ ಕೂತಿದೀರಿ?"

"ಒಳಗೆ ಜಾಗ ಇಲ್ಲ ಸ್ವಾಮಿ."

"ನನ್ನ ಕುರ್ಚಿ ಈಗ ಖಾಲಿಯಾಯ್ತು. ಹೋಗಿ ಹಿಡ್ಕೊಳ್ಳಿ, ಯಾರಾದ್ರೂ ಕೂತುಬಿಟ್ಟಾರು," ಎಂದು ಅವರು ಕೋಲೂರಿಕೊಂಡು ಇಳಿದು ಹೋದರು.

ಆದೇಶ ಬರಲು ಮುಂದಿನ ತಿಂಗಳ ಕೊನೆಯಾಯಿತು. ಮಧ್ಯಾಹ್ನ, ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಮೇಲ್ ಕಾಣಿಸಿತು. ಅಧಿಕೃತ ಪತ್ರಗಳನ್ನು ಶ್ರೀಧರ ಯಾವತ್ತೂ ಮೇಲಿನಿಂದ ಕೆಳಗೆ, ಸಂಖ್ಯೆ, ದಿನಾಂಕ, ಉಲ್ಲೇಖ ಬಿಡದೆ ಓದುವವನು. ಅವತ್ತು ಮಾತ್ರ ನೇರವಾಗಿ ಕೊನೆಯ ಪ್ಯಾರಾಕ್ಕೆ ಹೋದ. ಬಾವಿ ರಸ್ತೆ ಶಾಖೆಯನ್ನು ವಿಲೀನದಿಂದ ಕೈಬಿಡಲಾಗಿದೆ. ವಾಚನಾಲಯಕ್ಕೆ ಹೆಚ್ಚುವರಿ ಕುರ್ಚಿ ಮೇಜುಗಳು, ಸ್ಪರ್ಧಾತ್ಮಕ ಪರೀಕ್ಷೆಗಳ ಹೊಸ ಪುಸ್ತಕಗಳು, ಇವಕ್ಕೆ ಅನುದಾನ ಮಂಜೂರಾಗಿದೆ. ಮುಂದಿನ ಒಂದನೇ ತಾರೀಖಿನಿಂದ ಹಾಲನ್ನು ರಾತ್ರಿ ಎಂಟರವರೆಗೆ ತೆರೆದಿಡತಕ್ಕದ್ದು.

ಎರಡನೆಯ ಸಲ ಮೇಲಿನಿಂದ ಓದಿದ. ಮೂರನೆಯ ಸಲ ಓದುವಾಗ ಅಕ್ಷರಗಳು ಮಸುಕಾದವು, ಕನ್ನಡಕ ಒರೆಸಿಕೊಂಡ. ಆಮೇಲೆ ಎದ್ದು ಹಾಲಿನ ಬಾಗಿಲಿಗೆ ಬಂದ.

ಒಂದು ಪರೀಕ್ಷೆ ಮುಗಿದಿತ್ತು, ಇನ್ನೊಂದರ ಓದು ನಡೆದಿತ್ತು. ಯಾರೂ ತಲೆ ಎತ್ತಲಿಲ್ಲ. ಇಷ್ಟು ವರ್ಷ ಈ ಬಾಗಿಲಲ್ಲಿ ನಿಂತು ಅವನು ಹೇಳಿದ್ದೆಲ್ಲ 'ಮಾತಾಡಬೇಡಿ' ಎಂಬ ಒಂದೇ ಮಾತು. ಹಾಗಾಗಿ ಈಗ ಹೇಗೆ ಶುರು ಮಾಡುವುದೆಂದೇ ತಿಳಿಯಲಿಲ್ಲ.

"ಎಲ್ಲರೂ ಒಂದ್ನಿಮಿಷ ಕೇಳಿ," ಎಂದ. ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

"ಶ್‌ಶ್," ಎಂದರು ಯಾರೋ ಮೂಲೆಯಿಂದ, ಯಾರೆಂದು ನೋಡದೆ.

ಧನುಶ್ರೀ ತಿರುಗಿದಳು. ಅವನ ಮುಖ ನೋಡಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಸಾರ್, ಬಂತಾ?"

"ಬಂತಮ್ಮ. ನಮ್ದು ನಮಗೇ ಉಳೀತು."

ನಂದೀಶ ಮೇಜು ಗುದ್ದಿದ, ಯಾರೋ ಶಿಳ್ಳೆ ಹಾಕಿದರು. ಕಿವಿ ಕೇಳಿಸದ ಹಿರಿಯರೂ ಏನೋ ಆಗಿದೆಯೆಂದು ತಿಳಿದು ಪೇಪರ್ ಇಳಿಸಿದರು. ಆ ಹಾಲಿನಲ್ಲಿ ಅಷ್ಟು ಗಲಾಟೆ ಹಿಂದೆಂದೂ ಆಗಿರಲಿಲ್ಲ. ಶ್ರೀಧರ ಅದನ್ನು ನಿಲ್ಲಿಸಲು ಹೋಗಲಿಲ್ಲ. ಅದು ತಾನಾಗಿ ಇಳಿದ ಮೇಲೆ ಹೊಸ ಪುಸ್ತಕದ, ಕುರ್ಚಿಗಳ ವಿಷಯ ಹೇಳಿದ. ರಾತ್ರಿ ಎಂಟರ ಮಾತು ಬಂದಾಗ ಧನುಶ್ರೀ ಕೈ ಎತ್ತಿದಳು.

"ಎಂಟರವರೆಗೆ, ಇವತ್ತಿಂದಾನಾ ಸಾರ್?"

"ಆದೇಶದ ಪ್ರಕಾರ ಒಂದನೇ ತಾರೀಖಿಂದ," ಎಂದ ಶ್ರೀಧರ. ಇಂಥ ವಿಷಯದಲ್ಲಿ ಅವನು ಅವನೇ.

"ಅಯ್ಯೋ ಸಾರ್," ಎಂದು ಇಡೀ ಹಾಲು ರಾಗ ಎಳೆಯಿತು. ಮತ್ತೆ ಎಲ್ಲರೂ ಪುಸ್ತಕಕ್ಕೆ ತಲೆ ತಗ್ಗಿಸಿದರು.

ಸಂಜೆ ಮುಚ್ಚುವ ಹೊತ್ತಾಯಿತು. ಹೊರಗೆ ಮೋಡ ಕವಿದು ಕತ್ತಲಾಗುತ್ತಿತ್ತು. ದಿನವೂ ಈ ಹೊತ್ತಿಗೆ ಬೀಗದ ಕೈ ಸದ್ದು ಮಾಡುತ್ತ ಬರುವ ಶ್ರೀಧರ ಅವತ್ತು ಸ್ವಿಚ್ ಬೋರ್ಡಿನ ಹತ್ತಿರ ಹೋಗಿ ಎಲ್ಲ ಟ್ಯೂಬ್‌ಲೈಟುಗಳನ್ನೂ ಹಾಕಿದ. ಒಂದಿಬ್ಬರು ಮೇಲೆ ನೋಡಿ ಮತ್ತೆ ಓದಿಗೆ ತಿರುಗಿದರು. ಅವನು ತನ್ನ ರೂಮಿಗೆ ಬಂದು ಮನೆಗೆ ಫೋನ್ ಮಾಡಿ, ತಡವಾಗುತ್ತೆ, ಊಟಕ್ಕೆ ಕಾಯಬೇಡಿ ಎಂದು ಮೆಲುದನಿಯಲ್ಲಿ ತಿಳಿಸಿ, ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕೂತ.